ಗುಂಡಿ ಜಲಪಾತವಾದ ಕಥೆ



ಈ ಮಳೆಗಾಲದಲ್ಲಿ ನಿಮ್ಮಲ್ಲಿ ಹಲವರು ಜೋಗಕ್ಕೆ ಹೋಗಿ ಬಂದು ಚಿತ್ರಗಳನ್ನು ಕಳುಹಿಸಿದ್ದೀರಿ. ಎಲ್ಲವನ್ನೂ ನೋಡಿ ಸಂತೋಷಪಟ್ಟೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತವರು ಯಾರು ಯಾರೆಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಬೆಂಚಿನಲ್ಲಿ ಕುಳಿತು ನಕಾಶೆ ಬರೆಯುವ ಬದಲು ಹುಲಿಯ ಚಿತ್ರ ಬರೆಯುತ್ತಿದ್ದವನ ತಲೆ ಈಗ ನನ್ನ ತಲೆಗಿಂತ ಬೆಳ್ಳಗಾಗಿದೆ. ಅವನ ಮೊಮ್ಮಗ ಏಳನೆಯ ತರಗತಿಯಲ್ಲಿ ಓದುತ್ತಿದ್ದಾನಂತೆ. ಚಿತ್ರದ ಜೊತೆಗೆ ಆ ಹುಡುಗ ಒಂದು ಪ್ರಶ್ನೆಯನ್ನೂ ಬರೆದು ಕಳುಹಿಸಿದ್ದಾನೆ: ಜೋಗ ಜಲಪಾತವನ್ನು ಕಂಡುಹಿಡಿದವರು ಯಾರು, ಯಾವ ವರ್ಷದಲ್ಲಿ?

ಒಂದು ಹೆಸರು, ಒಂದು ಇಸವಿ ಬರೆದರೆ ಹುಡುಗನಿಗೆ ಒಂದು ಅಂಕ ಸಿಗಬಹುದು. ಆದರೆ ಈ ಪ್ರಶ್ನೆಗೆ ಅಂಥ ಉತ್ತರವಿಲ್ಲ. ಶರಾವತಿ ಅಲ್ಲಿ ಬೀಳುತ್ತಿರುವುದು ಮನುಷ್ಯನ ಲೆಕ್ಕಕ್ಕೆ ಸಿಕ್ಕದ ಕಾಲದಿಂದ; ಅದರ ದಂಡೆಯ ಊರುಗಳಲ್ಲಿ ಗದ್ದೆ ಮಾಡಿಕೊಂಡಿದ್ದವರು, ಕಾಡಿನಲ್ಲಿ ಜೇನು ಕೊಯ್ಯುತ್ತಿದ್ದವರು ಅದನ್ನು ದಿನವೂ ಕಾಣುತ್ತಿದ್ದರು, ಕೇಳುತ್ತಿದ್ದರು. ಆದರೆ 'ನೋಡಲಿಕ್ಕೆಂದು ಹೋಗುವುದು' ಎಂಬುದಿದೆಯಲ್ಲ, ಅದಕ್ಕೆ ಮಾತ್ರ ಖಂಡಿತವಾಗಿ ಒಂದು ಇತಿಹಾಸವಿದೆ. ಅದು ಬಹಳ ಹಳೆಯದೂ ಅಲ್ಲ. ಆ ಹುಡುಗನ ನೆಪದಲ್ಲಿ ನಿಮಗೆಲ್ಲ ಅದನ್ನು ಹೇಳೋಣವೆನಿಸಿತು.

ಮೊದಲು ಹೆಸರಿನ ವಿಚಾರ. ನಮ್ಮ ಘಟ್ಟದ ಸೀಮೆಯಲ್ಲಿ 'ಜೋಗ' ಎಂದರೆ ನೀರು ಬೀಳುವ ಜಾಗ. ಕೆಲವು ಕಡೆ ಅಬ್ಬಿ ಎನ್ನುತ್ತಾರೆ, ಸಾಗರದ ಕಡೆ ಒಂದಕ್ಕೆ ದಬ್ಬೆ ಎಂಬ ಹೆಸರಿದೆ. ಹಾಗಾಗಿ 'ಜೋಗ ಜಲಪಾತ' ಎನ್ನುವುದು ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ನಮ್ಮ ಹಿರಿಯರು ಜಲಪಾತ ಎಂಬ ಮಾತನ್ನೇ ಬಳಸುತ್ತಿರಲಿಲ್ಲ. ಅವರ ಬಾಯಲ್ಲಿ ಅದು 'ಜೋಗದ ಗುಂಡಿ'. ಮೇಲಿನಿಂದ ಬೀಳುವ ನೀರಿಗಿಂತ ಕೆಳಗಿರುವ ಆಳವೇ ಅವರ ಮನಸ್ಸಿನಲ್ಲಿ ನಿಂತದ್ದು. ದನ ತಪ್ಪಿಸಿಕೊಂಡು ಆ ಕಡೆ ಹೋದರೆ ಎದೆ ಧಸಕ್ಕೆನ್ನುವ ಜಾಗ. ನಮ್ಮ ಅಜ್ಜಿ ಸಿದ್ದಾಪುರ ಸೀಮೆಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಎಪ್ಪತ್ತು ದಾಟಿ ಬದುಕಿದವರು. ಮನೆಯಿಂದ ಜೋಗಕ್ಕೆ ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ. ಒಮ್ಮೆಯೂ ಹೋಗಲಿಲ್ಲ. ನಾನು ಹುಡುಗನಾಗಿದ್ದಾಗ ಕಾರಣ ಕೇಳಿದ್ದಕ್ಕೆ, "ಗುಂಡಿ ನೋಡಲೆ ಎಂತಕ್ಕೆ ಹೋಗವು ತಮಾ?" ಎಂದಿದ್ದರು. ಅವರು ಗೋಕರ್ಣಕ್ಕೆ ಹೋಗಿದ್ದರು, ಇಡಗುಂಜಿಗೆ ಹೋಗಿದ್ದರು. ಯಾತ್ರೆಗೆ ಅರ್ಥವಿತ್ತು, ಜಾತ್ರೆಗೆ ಅರ್ಥವಿತ್ತು. ದೇವರಿಲ್ಲದ, ನೆಂಟರಿಲ್ಲದ ಜಾಗಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದು ಅವರ ಲೆಕ್ಕದಲ್ಲಿ ಕೆಲಸವಿಲ್ಲದವರ ಕೆಲಸ.

ಇದು ಅಜ್ಜಿಯೊಬ್ಬರ ಮಾತೆಂದು ತಳ್ಳಿಹಾಕುವಂತಿಲ್ಲ. ಹಳೆಯ ಕಾಲದ ದಾರಿಗಳನ್ನು ನೋಡಿದರೆ ಅದೇ ಮನೋಭಾವ ಕಾಣುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಹೊನ್ನಾವರ ಹಿಂದೆ ದೊಡ್ಡ ಬಂದರು. ಅಲ್ಲಿಂದ ದೋಣಿಯಲ್ಲಿ ಹೊಳೆಯ ಮೇಲಕ್ಕೆ ಹೋದರೆ ಗೇರುಸೊಪ್ಪೆ. ಕಾಳುಮೆಣಸಿನ ವ್ಯಾಪಾರದಿಂದ ಬೆಳೆದ ಪಟ್ಟಣ ಅದು. 1552ರಿಂದ 1606ರವರೆಗೆ ಅಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಇಂದು ಆ ಪಟ್ಟಣದ ಹೆಸರು ಹೇಳಲು ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯೇ ಮುಖ್ಯ ಗುರುತು. ಮೆಣಸಿನ ಚೀಲಗಳನ್ನು ಹೊತ್ತ ಎತ್ತುಗಳು ಘಟ್ಟ ಇಳಿದದ್ದು ಹೊಳೆಯ ಕಮರಿಯಲ್ಲಲ್ಲ, ಅದನ್ನು ಬಳಸಿಕೊಂಡು ಹೋಗುವ ಕಣಿವೆದಾರಿಗಳಲ್ಲಿ. ವ್ಯಾಪಾರಿಗೆ ಜೋಗವೆಂದರೆ ದಾರಿಯಿಲ್ಲದ ಜಾಗ, ಅಷ್ಟೆ.

ಚೆನ್ನಭೈರಾದೇವಿಯ ರಾಜ್ಯ ಕೆಳದಿಯ ನಾಯಕರ ವಶವಾದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ದಾರಿಯಲ್ಲಿ ಬಂದ. ಇಕ್ಕೇರಿಯಲ್ಲಿದ್ದ ವೆಂಕಟಪ್ಪ ನಾಯಕನ ಬಳಿಗೆ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗಾರನಾಗಿ ಬಂದವನು. ಕಣ್ಣು ಬಿಟ್ಟುಕೊಂಡು ತಿರುಗಾಡಿದ ಮನುಷ್ಯ. ಹೊಳೆಯ ಚೆಲುವು, ಪಾಳುಬಿದ್ದ ಗೇರುಸೊಪ್ಪೆ, ಘಟ್ಟದ ಕಾಡು ಎಲ್ಲವನ್ನೂ ಬರೆದಿದ್ದಾನೆ. ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಾ ಮಗ್ಗಿ ಹೇಳಿಕೊಳ್ಳುತ್ತಿದ್ದುದನ್ನೂ ಬಿಟ್ಟಿಲ್ಲ. (ಮಾಸ್ತರಾದ ನನಗೆ ಇದು ಅವನ ಪುಸ್ತಕದ ಅತ್ಯಂತ ಪ್ರಿಯವಾದ ಭಾಗ.) ಆದರೆ ಜೋಗದ ಮಾತಿಲ್ಲ. ಅವನು ಘಟ್ಟ ಹತ್ತಿದ ಜಾಗದಿಂದ ಜೋಗ ಬಹಳ ದೂರವೇನಲ್ಲ. ಇಂಥದೊಂದನ್ನು ಪರದೇಶದ ಅತಿಥಿಗೆ ತೋರಿಸಬೇಕೆಂದು ದಾರಿ ತೋರಿಸುವವರಿಗೆ ಹೊಳೆಯಲಿಲ್ಲವೆಂದೇ ನನ್ನ ಊಹೆ.

ನೋಡಲಿಕ್ಕೆಂದು ಬರುವವರು ಬಂದದ್ದು ಬ್ರಿಟಿಷರ ಕಾಲದಲ್ಲಿ. ಅವರು ಬಂದದ್ದು ಕಡಲ ಕಡೆಯಿಂದ: ಹೊನ್ನಾವರದಲ್ಲಿ ಹಡಗಿಳಿದು, ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಮಾಲೆಮನೆ ಘಟ್ಟ ಹತ್ತಿ ಕೋಡ್ಕಣಿಯ ಬಳಿಗೆ. ಹೀಗಾಗಿ ಸುಮಾರು 30 ಕಿಲೋಮೀಟರ್ ಕೆಳಗಿರುವ ಊರಿನ ಹೆಸರು ಜಲಪಾತಕ್ಕೆ ಅಂಟಿಕೊಂಡಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಬಹುಕಾಲ ಅದು 'ಗೇರ್ಸೊಪ್ಪ ಫಾಲ್ಸ್' ಆಗಿಯೇ ಉಳಿಯಿತು. ನಾಲ್ಕು ಧಾರೆಗಳಿಗೂ ಅವರೇ ಹೆಸರಿಟ್ಟರು. ಒಂದೇ ನೆಗೆತಕ್ಕೆ ಕೆಳಗೆ ಬೀಳುವುದು ರಾಜಾ. ಬಂಡೆಯ ಸಂದಿನಲ್ಲಿ ಅಬ್ಬರಿಸುತ್ತಾ ಓರೆಯಾಗಿ ನುಗ್ಗುವುದು ರೋರರ್. ಬಾಣಬಿರುಸಿನಂತೆ ಚಿಮ್ಮುವುದು ರಾಕೆಟ್. ಬಂಡೆಗೆ ಮೈ ತಾಗಿಸಿಕೊಂಡು ನೊರೆಯಾಗಿ ಇಳಿಯುವುದು 'ಡೇಮ್ ಬ್ಲಾಂಷ್', ಅಂದರೆ ಬಿಳಿಯ ದೊರೆಸಾನಿ. ಈ ದೊರೆಸಾನಿ ಮುಂದೆ ನಮ್ಮ ಜನರ ಬಾಯಲ್ಲಿ ರಾಣಿಯಾದಳು. ನನ್ನ ಮಟ್ಟಿಗೆ ಅದು ಒಳ್ಳೆಯ ತಿದ್ದುಪಡಿ.

ಹೆಸರಿಟ್ಟ ಮೇಲೆ ಅಳೆಯಬೇಕಲ್ಲ! 1856ರಲ್ಲಿ ನೌಕಾದಳದ ಇಬ್ಬರು ಅಧಿಕಾರಿಗಳು ಬಂದು, ಕಮರಿಯ ಅಡ್ಡಲಾಗಿ ದಪ್ಪ ಹಗ್ಗ ಬಿಗಿದು, ಅದಕ್ಕೆ ತೊಟ್ಟಿಲಿನಂಥದೊಂದನ್ನು ತೂಗುಬಿಟ್ಟು, ಅದರಲ್ಲಿ ಕುಳಿತು ನಡುಗಾಳಿಯಲ್ಲಿ ನಿಂತು ಆಳಕ್ಕೆ ಗುಂಡು ಇಳಿಬಿಟ್ಟರು. ರಾಜಾ ಧಾರೆಯ ಎತ್ತರ 829 ಅಡಿ ಎಂದು ಬಂತು. ಕೆಳಗಿನ ಮಡುವಿನ ಆಳ 132 ಅಡಿ. ಈಗ ನಾವು ಹೇಳುವ 253 ಮೀಟರ್ ಅದೇ ಲೆಕ್ಕ. ದೂರದರ್ಶಕವಾಗಲಿ ಲೇಸರ್ ಕಿರಣವಾಗಲಿ ಅಲ್ಲದೆ, ಹಗ್ಗ ಕಟ್ಟಿಕೊಂಡು ತೂಗಾಡುತ್ತಾ ಅಳೆದ ಲೆಕ್ಕ ಇಷ್ಟು ಕಾಲ ನಿಂತಿದೆ. ಆ ಇಬ್ಬರ ಧೈರ್ಯಕ್ಕೆ ನನ್ನ ನಮಸ್ಕಾರವಿದೆ. ನನ್ನ ಅಜ್ಜಿಯ ಹೆದರಿಕೆಗೂ ಅಷ್ಟೇ ಗೌರವವಿದೆ. 132 ಅಡಿಯ ಮಡುವನ್ನು ಗುಂಡಿಯೆನ್ನದೆ ಇನ್ನೇನೆನ್ನಬೇಕು?

ಹೊಳೆ ಆಗ ಗಡಿಯೂ ಆಗಿತ್ತು. ದಕ್ಷಿಣದ ದಂಡೆ ಮೈಸೂರು ಸಂಸ್ಥಾನದ ಸಾಗರ ಸೀಮೆ. ಉತ್ತರದ ದಂಡೆ ಕಂಪನಿಯ ಕೆನರಾ. ಕೆನರಾ ಜಿಲ್ಲೆಯ ಉತ್ತರಭಾಗ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದ್ದರಿಂದಲೇ ಒಂದೇ ಜಲಪಾತಕ್ಕೆ ಎರಡು ಬಂಗಲೆಗಳು: ಆ ದಂಡೆಯಲ್ಲಿ ಮುಂಬಯಿ ಬಂಗಲೆ, ಈ ದಂಡೆಯಲ್ಲಿ ಮೈಸೂರು ಬಂಗಲೆ. ನಮ್ಮ ಕಡೆಯವರಿಗೆ ಜೋಗ ಕಾಣುವುದು ಮುಂಬಯಿ ಬಂಗಲೆಯ ದಂಡೆಯಿಂದ, ಅಂದರೆ ಧಾರೆಗಳ ನೆತ್ತಿಯ ಮೇಲಿನಿಂದ, ಬೆಂಗಳೂರಿನವರಿಗೆ ಎದುರಿನಿಂದ. ಭಾವಚಿತ್ರಗಳೆಲ್ಲ ಎದುರಿನವೇ. ನೀವು ಹೋದಾಗ ಒಮ್ಮೆ ಆಚೆ ದಂಡೆಗೂ ಹೋಗಿ ಬನ್ನಿ. ನೆಲವೇ ಮುಗಿದುಹೋಗುವ ಅನುಭವ ಅಲ್ಲಿಯದು.

'ಕಂಡುಹಿಡಿದವರು' ಎಂಬ ಮಾತಿಗೆ ಮತ್ತೊಂದು ಉದಾಹರಣೆ ನಮ್ಮ ಉಂಚಳ್ಳಿಯದು. ಅಘನಾಶಿನಿ 116 ಮೀಟರ್ ಕೆಳಕ್ಕೆ ಬೀಳುವ ಈ ಜಾಗಕ್ಕೆ ಲಷಿಂಗ್ಟನ್ ಜಲಪಾತ ಎಂಬ ಹೆಸರೂ ಇದೆ; 1845ರಲ್ಲಿ ಜಿಲ್ಲೆಯ ಕಲೆಕ್ಟರನಾಗಿದ್ದ ಲಷಿಂಗ್ಟನ್ ಅದನ್ನು ಕಂಡುಹಿಡಿದನೆಂದು ಬರೆಯುತ್ತಾರೆ. ಊರವರು ಅದನ್ನು ಕರೆಯುತ್ತಿದ್ದುದು 'ಕೆಪ್ಪಜೋಗ' ಎಂದು. ಅದರ ಬುಡದಲ್ಲಿ ನಿಂತವನ ಕಿವಿ ಕೆಪ್ಪಾಗುತ್ತದೆಂದು ಆ ಹೆಸರು. ಅಷ್ಟು ಹತ್ತಿರ ಹೋಗಿ, ಕಿವಿ ಗವ್ವೆನ್ನಿಸಿಕೊಂಡು ಬಂದವರಲ್ಲದೆ ಬೇರೆ ಯಾರೂ ಇಡಲಾರದ ಹೆಸರು. ಕಲೆಕ್ಟರನ ಹೆಸರು ಫಲಕದಲ್ಲಿ ಉಳಿದಿದೆ, ಕೆಪ್ಪಜೋಗ ಬಾಯಲ್ಲಿ ಉಳಿದಿದೆ. ಹೆಗ್ಗರಣೆಯ ಕಡೆಯಿಂದ ನಾವು ಕಾಡಿನಲ್ಲಿ ಸಾಲಾಗಿ ನಡೆದು ಹೋದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಉಂಬಳ ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡದ್ದು, ಆದರೂ ಹತ್ತಿದ್ದು, ಬುತ್ತಿಯ ಅವಲಕ್ಕಿ ಮಳೆಯಲ್ಲಿ ತಾನೇ ನೆನೆದು ತಿನ್ನಲು ಸಿದ್ಧವಾಗಿದ್ದದ್ದು!

ಜೋಗವನ್ನು ನೋಡಲು ಹೋದವರಂತೆ ನೋಡಲು ಹೋಗದವರದೂ ಒಂದು ಚರಿತ್ರೆಯಿದೆ. 1927ರಲ್ಲಿ ಗಾಂಧೀಜಿ ಅನಾರೋಗ್ಯದ ಬಳಿಕ ಮೈಸೂರು ಸಂಸ್ಥಾನದಲ್ಲಿ ವಿಶ್ರಾಂತಿ ಪಡೆದು, ನಂತರ ಖಾದಿ ಪ್ರವಾಸದಲ್ಲಿ ಸಾಗರದವರೆಗೆ ಬಂದರು. ಜೊತೆಯಲ್ಲಿ ಕಾಕಾ ಕಾಲೇಲ್ಕರ್ ಇದ್ದರು. ಕಾಲೇಲ್ಕರರು ಬಾಲ್ಯದ ಕೆಲವು ವರ್ಷಗಳನ್ನು ಕಾರವಾರದಲ್ಲಿ ಕಳೆದವರು. ನದಿಗಳೆಂದರೆ ಅವರಿಗೆ ಪ್ರಾಣ. ಇಷ್ಟು ಹತ್ತಿರ ಬಂದು ಜೋಗ ನೋಡದೆ ಹೋಗುವುದೆಂದರೇನು ಎಂದು ಗಾಂಧೀಜಿಯನ್ನು ಒತ್ತಾಯಿಸಿದರು. ಗಾಂಧೀಜಿ ಒಪ್ಪಲಿಲ್ಲ, ತಮ್ಮ ಕೆಲಸ ಬಿಟ್ಟು ಬರಲಾಗದೆಂದರು. ಅಷ್ಟು ಎತ್ತರದಿಂದ ನೀರು ಬೀಳುತ್ತದೆ ಎಂದು ಕಾಲೇಲ್ಕರರು ಆಸೆ ಹುಟ್ಟಿಸಲು ಹೋದರೆ, ಮಳೆಯ ನೀರು ಇನ್ನೂ ಎಷ್ಟು ಎತ್ತರದಿಂದ ಬೀಳುತ್ತದಲ್ಲವೇ ಎಂದು ತಿರುಗಿ ಕೇಳಿದರಂತೆ. ಮಹಾದೇವ ದೇಸಾಯಿಯವರನ್ನಾದರೂ ಕಳುಹಿಸಿ ಎಂದದ್ದಕ್ಕೆ, ಅವನು ಬರುವುದಿಲ್ಲ, ಅವನ ಜೋಗ ನಾನೇ ಎಂಬರ್ಥದ ಮಾತು ಬಂತು. ಮಹಾದೇವ ಭಾಯಿ ಹೋಗಲೂ ಇಲ್ಲ. ಕಾಲೇಲ್ಕರರು ಹೋಗಿ, ಕಂಡು, ಅದನ್ನು ಸೊಗಸಾಗಿ ಬರೆದರು. ನನ್ನ ಅಜ್ಜಿಗೆ ಈ ಕಥೆ ಗೊತ್ತಿದ್ದರೆ, ಮಹಾತ್ಮರು ತಮ್ಮ ಪಕ್ಷದವರೆಂದು ಹಿಗ್ಗುತ್ತಿದ್ದರು.

ಗಾಂಧೀಜಿ ನೋಡದೆ ಹೋದ ಆ ನೀರಿಗೇ ಮುಂದೆ ಗಾಂಧೀಜಿಯ ಹೆಸರು ಬಂತು. ಅದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಂದಿನಿಂದ ಮೈಸೂರಿನ ಎಂಜಿನಿಯರುಗಳ ಕಣ್ಣಿಗೆ ಬೀಳುವ ನೀರು ಬೇರೆಯೇ ಆಗಿ ಕಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಜೋಗದ ಮುಂದೆ ನಿಂತು, ಎಷ್ಟೊಂದು ವ್ಯರ್ಥವಾಗುತ್ತಿದೆ ಎಂದು ಉದ್ಗರಿಸಿದರೆಂಬ ಕಥೆಯನ್ನು ಪ್ರತಿಯೊಬ್ಬ ಮಾರ್ಗದರ್ಶಿಯೂ ಹೇಳುತ್ತಾನೆ. ಅವರು ಹಾಗೆಂದರೋ ಇಲ್ಲವೋ, ಆ ಕಾಲವಂತೂ ಹಾಗೆಂದಿತು. ಅಜ್ಜಿಗೆ ಗುಂಡಿಯಾಗಿ, ದೊರೆಗಳಿಗೆ ನೋಟವಾಗಿ ಕಂಡದ್ದು ಈಗ ಪೋಲಾಗುವ ಶಕ್ತಿಯಾಗಿ ಕಂಡಿತು. 1939ರಲ್ಲಿ ಕೃಷ್ಣರಾಜೇಂದ್ರ ಜಲವಿದ್ಯುತ್ ಯೋಜನೆಗೆ ಅಡಿಗಲ್ಲು ಬಿತ್ತು. ಜೋಗದ ಮೇಲ್ಗಡೆ, ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ನಮ್ಮವರೇ ಆದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು ಅದರ ವಿಶೇಷ: ನೀರು ಒಂದು ಮಟ್ಟ ಮುಟ್ಟಿದೊಡನೆ, ಯಾರೂ ಬಾಗಿಲು ಎತ್ತದೆ, ತಾನೇ ತಿರುಗುತ್ತಾ ಕೊಳವೆಯೊಳಗೆ ನುಗ್ಗಿ ಹೊರಬೀಳುವ ವ್ಯವಸ್ಥೆ. ತಾಳಗುಪ್ಪಕ್ಕೆ ರೈಲು ಬಂದದ್ದೂ ಸುಮಾರು ಅದೇ ಕಾಲದಲ್ಲಿ. ಯುದ್ಧದ ವರ್ಷಗಳನ್ನು ದಾಟಿ, ಗಾಂಧೀಜಿ ತೀರಿಕೊಂಡ ಮೂರು ವಾರಗಳ ಮೇಲೆ, 1948ರ ಫೆಬ್ರವರಿ 21ರಂದು ವಿದ್ಯುದಾಗಾರ ಕೆಲಸ ಆರಂಭಿಸಿತು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿ ಜಲವಿದ್ಯುತ್ ಕೇಂದ್ರವೆಂದು ಹೆಸರಾಯಿತು.

ನಾನು ಮೊದಲ ಸಲ ಜೋಗವನ್ನು ಕಂಡದ್ದು ಇದರ ನಂತರ, 1957ರಲ್ಲಿ. ಸೋದರಮಾವನ ಜೊತೆ, ಬಸ್ಸಿನಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1956ರ ನವೆಂಬರ್ 1ರಂದು, ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರಿದ್ದವು. ನಾವು ಮುಂಬಯಿಯವರಾಗಿದ್ದವರು ಮೈಸೂರಿನವರಾಗಿದ್ದೆವು. ಮಾವ ಅದನ್ನೇ ಹೇಳುತ್ತಾ, ಇನ್ನು ಮೇಲೆ ಹೊಳೆಯ ಎರಡೂ ಕಡೆ ನಮ್ಮದೇ ಎಂದು ಗತ್ತಿನಿಂದ ನಡೆದದ್ದು ನೆನಪಿದೆ. ಹಿರೇಭಾಸ್ಕರ ಇದ್ದರೂ ಆಗ ಹೊಳೆ ಇನ್ನೂ ಹೊಳೆಯೇ ಆಗಿತ್ತು. ಮಳೆಗಾಲ ಮುಗಿದು ತಿಂಗಳಾಗಿತ್ತು. ಆದರೂ ನಾಲ್ಕೂ ಧಾರೆಗಳು ತುಂಬಿ ಬೀಳುತ್ತಿದ್ದವು.

1964ರಲ್ಲಿ ಲಿಂಗನಮಕ್ಕಿ ಬಂತು. ಜೋಗದಿಂದ 6 ಕಿಲೋಮೀಟರ್ ಮೇಲೆ, ಎರಡು ಕಿಲೋಮೀಟರಿಗೂ ಉದ್ದದ ಕಟ್ಟೆ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿಡಿಯುವ ನೀರು ಸುಮಾರು 150 ಟಿಎಂಸಿ. ಹಿರೇಭಾಸ್ಕರ ಅಣೆಕಟ್ಟು, ಅದರ ಸೈಫನ್‌ಗಳ ಸಮೇತ, ಈ ಹೊಸ ನೀರಿನ ಅಡಿಗೆ ಹೋಯಿತು. ಒಂದು ಅಣೆಕಟ್ಟನ್ನು ಮತ್ತೊಂದು ಅಣೆಕಟ್ಟು ನುಂಗುವುದು ನಮ್ಮ ದೇಶದಲ್ಲಿ ದಿನ ಬೆಳಗಾದರೆ ಕಾಣುವ ಸಂಗತಿಯಲ್ಲ. ಲಿಂಗನಮಕ್ಕಿಯ ನೀರು ಕಾಲುವೆಯಲ್ಲಿ ತಳಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಘಟ್ಟವಿಳಿದು ಶರಾವತಿ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಹತ್ತು ಯಂತ್ರಗಳು, ಒಟ್ಟು 1035 ಮೆಗಾವ್ಯಾಟ್. 1977ರ ಹೊತ್ತಿಗೆ ಎಲ್ಲವೂ ಪೂರ್ಣಗೊಂಡವು. ಆ ಕಾಲದಲ್ಲಿ ಕರ್ನಾಟಕದ ಬೆಳಕೆಂದರೆ ಬಹುಮಟ್ಟಿಗೆ ಶರಾವತಿಯೇ. ಭದ್ರಾವತಿಯ ಕುಲುಮೆ, ಬೆಂಗಳೂರಿನ ಕಾರ್ಖಾನೆಗಳು, ನೀವು ಈಗ ಉದ್ಯೋಗದಲ್ಲಿರುವ ಎಷ್ಟೋ ಸಂಸ್ಥೆಗಳ ಬುನಾದಿ, ಎಲ್ಲಕ್ಕೂ ಈ ನೀರಿನ ಋಣವಿದೆ. ಅಣೆಕಟ್ಟನ್ನು ಶಪಿಸುವ ಲೇಖನ ಇದೆಂದು ಯಾರೂ ಭಾವಿಸಬೇಡಿ. ಚಿಮಣಿ ದೀಪದ ಬುಡದಲ್ಲಿ ಓದಿ ಮಾಸ್ತರಾದವನು ನಾನು. ವಿದ್ಯುತ್ತಿನ ಬೆಲೆ ನನಗೆ ಗೊತ್ತು.

ಬೆಲೆಯ ಇನ್ನೊಂದು ಭಾಗ ಗೊತ್ತಾದದ್ದು 1984ರಲ್ಲಿ. ಆ ವರ್ಷ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ತರಗತಿಯವರನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಎದುರಿನ ಕಟ್ಟೆಯ ಮೇಲೆ ಎಲ್ಲರನ್ನೂ ನಿಲ್ಲಿಸಿ, ಮೆಗಾವ್ಯಾಟ್ ಎಂದರೇನು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ವಿವರಿಸುತ್ತಿದ್ದೆ. ಮಾತು ಕಡಿಮೆಯ ಒಬ್ಬ ಹುಡುಗಿ ಹತ್ತಿರ ಬಂದು, "ಮಾಸ್ತರೇ, ಈ ನೀರು ನಮ್ಮೂರ ಮೇಲಿಂದ ಬರ್ತದಾ?" ಎಂದು ಕೇಳಿದಳು. ಅವಳ ಅಜ್ಜನ ಮನೆ ಸಾಗರ ತಾಲ್ಲೂಕಿನಲ್ಲಿತ್ತು. ಮುಳುಗಡೆಯಲ್ಲಿ ಹೋಗಿ, ನೆಂಟರನ್ನು ನಂಬಿಕೊಂಡು ನಮ್ಮ ಕಡೆಗೆ ಬಂದವರು. "ಹೌದು ತಂಗಿ, ಅಲ್ಲಿಂದಲೇ ಬರುವುದು" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು: "ಹಾಗಾದ್ರೆ ನಮ್ಮೂರು ಇನ್ನೂ ಅಲ್ಲೇ ಅಡಿಗೆ ಇದೆಯಾ?"

ಇದೆ ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಉಳಿದವರೊಡನೆ ಅಂತ್ಯಾಕ್ಷರಿ ಹಾಡಿದಳು. ಮರುವಾರ ನಾನು ಅವರ ಮನೆಗೆ ಹೋದೆ. ಅಜ್ಜ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತಿದ್ದರು. ಊರನ್ನು ಕೇಳಿದರೆ ಮಾತು ನಿಲ್ಲಲಿಲ್ಲ. ನೀರು ಇಲ್ಲಿಯವರೆಗೆ ಬರುತ್ತದೆಂದು ಸರ್ಕಾರದವರು ಕಲ್ಲು ನೆಟ್ಟು ಹೋಗಿದ್ದರಂತೆ. ಗುಡ್ಡದ ಅಷ್ಟು ಮೇಲಿದ್ದ ಕಲ್ಲನ್ನು ನೋಡಿ ಊರವರು ನಕ್ಕಿದ್ದರಂತೆ. ಹೊಳೆ ಗುಡ್ಡ ಹತ್ತುವುದುಂಟೇ? ಕೊನೆಗೆ ಹೆಂಚು ಇಳಿಸಿ, ಬಾಗಿಲು ಚೌಕಟ್ಟು ಕಿತ್ತು ಗಾಡಿಗೆ ಹೇರಿಕೊಂಡು ಹೊರಟರು. ಬೀಸುವ ಕಲ್ಲನ್ನು ಒಯ್ಯಲು ಜಾಗವಾಗಲಿಲ್ಲ. ಬಾವಿಕಟ್ಟೆಯ ಬಳಿ ಬಿಟ್ಟು ಬಂದೆವೆಂದು, ಯಾರಾದರೂ ಹೋದರೆ ತಂದುಕೊಡಬಹುದೆನ್ನುವ ಧ್ವನಿಯಲ್ಲಿ ಹೇಳಿದರು. ಗದ್ದೆಗಳ ಹೆಸರನ್ನು ಒಂದೊಂದಾಗಿ ಎಣಿಸಿದರು. ಪ್ರತಿ ಗದ್ದೆಗೂ ಹೆಸರಿತ್ತು: ಬಾವಿಗದ್ದೆ, ಹುಣಸೆಗದ್ದೆ, ಭೂತಪ್ಪನ ಗದ್ದೆ. ಜೋಗಕ್ಕೆ ಬಂದು ನೋಡಿದ್ದೀರಾ ಎಂದು ಕೇಳಿದೆ. ಆ ನೀರನ್ನು ನಾನು ನೋಡುವುದಿಲ್ಲ ಮಾಸ್ತರೇ ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಒಂದು ವ್ರತದಂತೆ ಇತ್ತು.

ಅಂಥ ಕುಟುಂಬಗಳು ಸಾವಿರಾರು. ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಯ ಊರುಗಳು. ದೀವರು, ಹವ್ಯಕರು, ಒಕ್ಕಲಿಗರು, ಹಸಲರು, ಎಲ್ಲ ಜನ. ಹಿರೇಭಾಸ್ಕರದ ನೀರಿಗೆ ಒಮ್ಮೆ ಎದ್ದು, ಮೇಲಿನ ದಿಣ್ಣೆಯಲ್ಲಿ ಮನೆ ಕಟ್ಟಿ, ಲಿಂಗನಮಕ್ಕಿಯ ನೀರಿಗೆ ಎರಡನೆಯ ಸಲ ಎದ್ದವರೂ ಇದ್ದರು. ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ಅವರನ್ನು ಇಳಿಸಲಾಯಿತು. ಆ ಭೂಮಿ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ ಹಕ್ಕುಪತ್ರದ ಪ್ರಶ್ನೆ ಮೂರನೆಯ ತಲೆಮಾರಿನವರೆಗೆ ಬಂದಿದೆ. ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ನಾಡಿಗೆಲ್ಲ ದೀಪ ಹಚ್ಚಿದವರ ಮನೆಗಳಿಗೆ ದೀಪ ಬಂದದ್ದು ಎಷ್ಟೋ ವರ್ಷ ತಡವಾಗಿ. ದೀಪದ ಕೆಳಗೆ ಕತ್ತಲೆ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ವಿವರಿಸುವಾಗ ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ. ಸಾಗರದಲ್ಲಿದ್ದು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಇದನ್ನೆಲ್ಲ ಹತ್ತಿರದಿಂದ ಕಂಡ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು. ಡಿಸೋಜ ಅವರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಜೋಗ ನೋಡಿ ಬಂದವರು ಆ ಎರಡು ಪುಸ್ತಕಗಳನ್ನೂ ಓದಿದರೆ ನೋಟ ಪೂರ್ತಿಯಾಗುತ್ತದೆಂದು ನನ್ನ ಅಭಿಪ್ರಾಯ.

ಹಿನ್ನೀರಿನಾಚೆಯ ತುಮರಿ, ಕರೂರು ಸೀಮೆಯವರ ಪಾಡು ಇನ್ನೊಂದು ಬಗೆ. ಅವರು ಮುಳುಗಲಿಲ್ಲ, ನೀರು ಅವರನ್ನು ಬಳಸಿಕೊಂಡು ನಿಂತಿತು. ಆಸ್ಪತ್ರೆಗೂ ಕಾಲೇಜಿಗೂ ಹೊಳೆಬಾಗಿಲಿನ ಲಾಂಚ್ ಕಾಯಬೇಕಿತ್ತು. ಸಂಜೆಯ ಮೇಲೆ ಲಾಂಚ್ ಇರುತ್ತಿರಲಿಲ್ಲ. ಸಿಗಂದೂರಿಗೆ ಹೋದ ನೀವೆಲ್ಲ ಲಾಂಚಿನಲ್ಲಿ ನಿಂತು ಗಾಳಿ ಸವಿದಿದ್ದೀರಿ. ಹೆರಿಗೆ ನೋವಿನವಳನ್ನು ಕರೆದುಕೊಂಡು ದಂಡೆಯಲ್ಲಿ ನಿಂತವರಿಗೆ ಆ ಗಾಳಿ ಬೇರೆ. ಅರವತ್ತು ವರ್ಷದ ಮೇಲೆ, 2025ರ ಜುಲೈನಲ್ಲಿ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ಸಮೀಪದ ಉದ್ದ.

ಅದೇ ಕಣಿವೆಯಲ್ಲಿ ಈಗ 2000 ಮೆಗಾವ್ಯಾಟ್‌ನ ಭೂಗತ ವಿದ್ಯುತ್ ಯೋಜನೆಯ ಮಾತು ನಡೆದಿದೆ: ತಳಕಳಲೆಯ ನೀರನ್ನು ಕೆಳಗೆ ಗೇರುಸೊಪ್ಪೆಯ ಜಲಾಶಯಕ್ಕೆ ಬಿಟ್ಟು ವಿದ್ಯುತ್ ತೆಗೆದು, ವಿದ್ಯುತ್ತಿನ ಬೇಡಿಕೆ ಇಳಿದಾಗ ಅದೇ ನೀರನ್ನು ಮತ್ತೆ ಮೇಲಕ್ಕೆತ್ತುವ ಯೋಜನೆ. ಸಿಂಗಳೀಕಗಳ ಕಾಡು ಅದು. ಸ್ಥಳೀಯರು, ಪರಿಸರ ಬಲ್ಲವರು ವಿರೋಧಿಸುತ್ತಿದ್ದಾರೆ. ಸೂರ್ಯನ ವಿದ್ಯುತ್ತನ್ನು ಕೂಡಿಡಲು ಇಂಥದು ಬೇಕೆಂದು ಇನ್ನೊಂದು ಕಡೆಯವರು ಹೇಳುತ್ತಾರೆ. ನಾನು ವಿರೋಧಿಸುವವರ ಕಡೆ. ಮೂರು ತಲೆಮಾರಿನ ಹಕ್ಕುಪತ್ರದ ಲೆಕ್ಕ ಮುಗಿಯದೆ ಆ ಕಣಿವೆಯನ್ನು ಮತ್ತೊಂದು ಸಲ ಕೇಳುವುದು ನ್ಯಾಯವಲ್ಲವೆಂಬುದೇ ನನ್ನ ಕಾರಣ. ನಿಮ್ಮಲ್ಲಿ ಎಂಜಿನಿಯರುಗಳಾದವರು ಭಿನ್ನವಾಗಿ ಯೋಚಿಸಿದರೆ ಬರೆಯಿರಿ. ಮಾಸ್ತರರ ಮಾತೆಂದು ಸುಮ್ಮನಿರಬೇಡಿ.

ಎಲ್ಲ ಹೊಳೆಗಳ ಕಥೆಯೂ ಹೀಗೆಯೇ ಆಗಲಿಲ್ಲವೆಂಬುದನ್ನೂ ಹೇಳಬೇಕು. ಮಾಗೋಡಿನಲ್ಲಿ ಧುಮುಕುವ ಬೇಡ್ತಿಗೂ ಅಣೆಕಟ್ಟಿನ ಯೋಜನೆ ಸಿದ್ಧವಾಗಿತ್ತು. ಶರಾವತಿಯನ್ನು ಕಂಡಿದ್ದ ಶಿರಸಿ, ಯಲ್ಲಾಪುರ ಸೀಮೆಯ ಅಡಕೆ ತೋಟಿಗರು, ವಿಜ್ಞಾನಿಗಳನ್ನು ಕರೆಸಿ, 1981ರಲ್ಲಿ ಶಿರಸಿಯಲ್ಲಿ ವಿಚಾರಗೋಷ್ಠಿ ನಡೆಸಿ, ಲಾಭನಷ್ಟಗಳನ್ನು ಲೆಕ್ಕ ಹಾಕಿ ತೋರಿಸಿದರು. ಯೋಜನೆ ನಿಂತಿತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತದ್ದು ಅದೇ ಎಚ್ಚರದ ಮುಂದುವರಿಕೆ. ಅಘನಾಶಿನಿ ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ. ಆದ್ದರಿಂದಲೇ ಕೆಪ್ಪಜೋಗ ಚಳಿಗಾಲದಲ್ಲೂ ತನ್ನ ನೀರಿನಿಂದ ತಾನೇ ಬೀಳುತ್ತದೆ. ಜೋಗ ಬೀಳುವುದು ಮೇಲಿನವರ ಅಪ್ಪಣೆಯಿಂದ. ಜಲಾಶಯ ತುಂಬಿ ಬಾಗಿಲು ತೆರೆದ ವರ್ಷ ನಾಲ್ಕು ಧಾರೆಗಳೂ ಒಂದಾಗಿ ಕಮರಿಯೇ ಕಾಣದಂತೆ ಹೊಗೆಯೇಳುತ್ತದೆ. ಇಲ್ಲದಿದ್ದರೆ ಜುಲೈಯಿಂದ ಸೆಪ್ಟೆಂಬರಿನವರೆಗಿನ ಮಳೆಯ ನೀರೇ ಗತಿ. ಡಿಸೆಂಬರಿನಲ್ಲಿ ಬರುವ ಶಾಲಾಪ್ರವಾಸಗಳ ಮಕ್ಕಳು ಕಪ್ಪು ಬಂಡೆಯ ಮೇಲೆ ನಾಲ್ಕು ಬಿಳಿಯ ದಾರಗಳನ್ನು ಕಂಡು, ಮಾಸ್ತರರ ಮುಖ ನೋಡುತ್ತಾರೆ.

ಮಳೆ ಕಡಿಮೆಯಾದ ವರ್ಷ, ಏಪ್ರಿಲ್–ಮೇ ತಿಂಗಳಲ್ಲಿ, ಲಿಂಗನಮಕ್ಕಿಯ ನೀರು ಇಳಿದಾಗ ಹಿರೇಭಾಸ್ಕರದ ಕಟ್ಟೆ ಮತ್ತೆ ಮೇಲೇಳುತ್ತದೆ. ದುಂಡನೆಯ ಸೈಫನ್ ಬಾಯಿಗಳು ಹಾಗೆಯೇ ಇವೆ. ಈಗ ಅದನ್ನು ನೋಡಲೂ ಜನ ಹೋಗುತ್ತಾರೆ. ಇನ್ನೂ ಕೆಳಗೆ ಇಳಿದರೆ ಹಳೆಯ ರಸ್ತೆಯ ಗುರುತು, ಮರದ ಬೊಡ್ಡೆಗಳು, ಕೆಲವು ಕಡೆ ಬಾವಿಯ ಕಟ್ಟೆ ಕಾಣುತ್ತವೆ. ಆ ಅಜ್ಜ ಈಗಿಲ್ಲ. ಅವರು ಹೇಳಿದ ಗದ್ದೆಗಳ ಹೆಸರನ್ನು ನಾನು ಅಂದೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟೆ. ನಂತರ ಬೇರೆ ಬೇರೆ ಮನೆಗಳಿಂದ ಇನ್ನಷ್ಟು ಸೇರಿ, ಆ ಪುಸ್ತಕ ಮುಗಿದು ಎರಡನೆಯದು ಅರ್ಧವಾಗಿದೆ. ನಿಮ್ಮ ಮನೆಗಳಲ್ಲಿ, ಅಥವಾ ನೀವು ಸೇರಿದ ಮನೆಗಳಲ್ಲಿ, ಮುಳುಗಡೆಯ ಊರುಗಳಿಂದ ಬಂದ ಹಿರಿಯರಿದ್ದರೆ ಊರು, ಕೇರಿ, ಗದ್ದೆ, ದೇವರಬನ, ಹೊಳೆಯ ಕಡವು ಇವುಗಳ ಹೆಸರನ್ನು ಕೇಳಿ ಬರೆದು ಕಳುಹಿಸಿ. ಅಕ್ಷರ ದುಂಡಗಿರಬೇಕೆಂದಿಲ್ಲ, ವ್ಯಾಕರಣ ತಿದ್ದುವುದಿಲ್ಲ. ಎಂಬತ್ತು ದಾಟಿದವರನ್ನು ಮೊದಲು ಕೇಳಿ.